ಜಗಳ ಮೊದಲೇ ಇತ್ತು, ಯುದ್ಧ ಆಮೇಲೆ ಬಂತು: ಒಡೆದ ಮನೆಗಳ ಕಾದಂಬರಿಗಳನ್ನು ಓದುವ ಬಗೆ

ಕೊಡಗಿನ ಅರಸೊತ್ತಿಗೆ ಮುಗಿದದ್ದು 1834ರಲ್ಲಿ. ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಮಡಿಕೇರಿಗೆ ಬಂತು, ಮೇ 7ರಂದು ಕೊಡಗು ಕಂಪನಿ ಸರ್ಕಾರಕ್ಕೆ ಸೇರಿತೆಂಬ ಘೋಷಣೆ ಹೊರಟಿತು. ರಾಜನ ಕ್ರೌರ್ಯ, ಮಂತ್ರಿಗಳ ಅಸಮಾಧಾನ, ಕಂಪನಿಯ ದುರಾಸೆ ಎಂದು ಇತಿಹಾಸದ ಪುಸ್ತಕಗಳು ಕಾರಣಗಳನ್ನು ಪಟ್ಟಿ ಮಾಡುತ್ತವೆ. ಮಾಸ್ತಿಯವರು 1956ರಲ್ಲಿ 'ಚಿಕವೀರ ರಾಜೇಂದ್ರ' ಬರೆದಾಗ ಈ ಕಾರಣಗಳನ್ನೆಲ್ಲ ಇಟ್ಟುಕೊಂಡೇ ಕಥೆಯನ್ನು ಒಂದು ಮನೆಯೊಳಗೆ ತಂದು ಕೂರಿಸಿದರು. ರಾಜನಿಗೆ ಒಡಹುಟ್ಟಿದವಳ ಮೇಲೆ ಅನುಮಾನ. ಆಕೆಯ ಗಂಡನಿಗೆ ರಾಜನ ಮೇಲೆ ಸಿಟ್ಟು, ಜೊತೆಗೆ ಗದ್ದುಗೆಯ ಮೇಲೊಂದು ಕಣ್ಣು. ಆ ಒಡಹುಟ್ಟಿದವಳು ದೇವಮ್ಮಾಜಿ ಮತ್ತು ಗಂಡ ಚೆನ್ನಬಸವ 1832ರಲ್ಲಿ ಕೊಡಗು ಬಿಟ್ಟು ಓಡಿ ಮೈಸೂರಿನಲ್ಲಿದ್ದ ಕಂಪನಿಯ ಪ್ರತಿನಿಧಿ ರೆಸಿಡೆಂಟನ ಆಶ್ರಯ ಪಡೆದದ್ದು ಚರಿತ್ರೆ. ಓಡುವ ಗಡಿಬಿಡಿಯಲ್ಲಿ ಹಿಂದೆ ಉಳಿದ ಹಸುಗೂಸು ರಾಜನ ಕೈಗೆ ಸಿಕ್ಕಿ ಸಾಯುವುದು ಕಾದಂಬರಿಯ ಅತ್ಯಂತ ಕಠಿಣ ಪುಟ. ಅವರನ್ನು ಒಪ್ಪಿಸಿ ಎಂದು ರಾಜ ಪಟ್ಟು ಹಿಡಿದ, ಕಂಪನಿ ಒಪ್ಪಲಿಲ್ಲ, ದಂಡು ಹೊರಡಲು ಅದೂ ಒಂದು ನೆಪವಾಯಿತು.

ಒಂದು ಕುಟುಂಬದ ಬಿರುಕಿನೊಳಗೆ ಒಂದು ಸಾಮ್ರಾಜ್ಯ ಕಾಲಿಟ್ಟ ಬಗೆ ಇದು. ಅಂತರ್ಯುದ್ಧ ಮತ್ತು ಜನಾಂಗೀಯ ಸಂಘರ್ಷದಿಂದ ಒಡೆದ ಕುಟುಂಬಗಳ ಬಗ್ಗೆ ಜಗತ್ತಿನಲ್ಲಿ ಬಂದಿರುವ ಕಾದಂಬರಿಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ಕಾಣುವುದು ಇದೇ ನಡೆ. ಯುದ್ಧ ಹೊರಗಿನಿಂದ ಬಂದು ಸುಖವಾಗಿದ್ದ ಮನೆಯನ್ನು ಎರಡಾಗಿ ಸೀಳಿತು ಎಂದು ನಾವು ಅಂದುಕೊಳ್ಳುತ್ತೇವೆ. ಒಳ್ಳೆಯ ಕಾದಂಬರಿಕಾರರು ಹಾಗೆ ಬರೆಯುವುದಿಲ್ಲ. ಮನೆಯಲ್ಲಿ ಮೊದಲೇ ಇದ್ದ ಮತ್ಸರ, ಆಸ್ತಿಯ ತಕರಾರು, ಅಪ್ಪನ ಪಕ್ಷಪಾತ, ಮನೆಯವರು ಒಪ್ಪದ ಮದುವೆ, ಇವುಗಳನ್ನು ಯುದ್ಧ ಹೇಗೆ ಹುಡುಕಿ ಹಿಡಿಯುತ್ತದೆ ಎಂಬುದನ್ನು ಅವರು ತೋರಿಸುತ್ತಾರೆ. ಅರೇಬಿಕಾ ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ಕಾಂಡಕೊರಕ ಮೊಟ್ಟೆ ಇಡುವುದು ತೊಗಟೆ ಬಿರಿದ ಸಂದಿನಲ್ಲಿ, ಹೊರಗೆ ಗಿಡ ಹಸಿರಾಗಿಯೇ ಇರುತ್ತದೆ.

ಇದು ಸಾಹಿತಿಗಳ ಕಲ್ಪನೆ ಮಾತ್ರವೇ? ಅಂತರ್ಯುದ್ಧಗಳನ್ನು ಅಧ್ಯಯನ ಮಾಡಿದವರೂ ಇದರ ಹತ್ತಿರಕ್ಕೇ ಬಂದಿದ್ದಾರೆ. ಗ್ರೀಸಿನಲ್ಲಿ 1940ರ ದಶಕದಲ್ಲಿ ನಡೆದ ಅಂತರ್ಯುದ್ಧವನ್ನು ಹಳ್ಳಿ ಹಳ್ಳಿ ಸುತ್ತಿ ಪರಿಶೀಲಿಸಿದ ರಾಜ್ಯಶಾಸ್ತ್ರಜ್ಞ ಸ್ಟಾಥಿಸ್ ಕಾಲಿವಾಸ್ 2006ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರವಾಗಿ ವಾದಿಸುತ್ತಾರೆ. ಬಂದೂಕು ಹಿಡಿದವರಿಗೆ ಸ್ಥಳೀಯ ಮಾಹಿತಿ ಬೇಕು: ಯಾರು ಯಾರ ಕಡೆ, ಯಾರ ಮನೆಯಲ್ಲಿ ಯಾರು ಅಡಗಿದ್ದಾರೆ. ಊರಿನವನಿಗೆ ಬೇಕಾದದ್ದು ಬೇರೆ. ಗಡಿಕಲ್ಲು ಕಿತ್ತ ದಾಯಾದಿಯ ಮೇಲೆ ಹಗೆ ತೀರಿಸಲು ಅವನಿಗೊಂದು ದಾರಿ ಸಿಕ್ಕರೆ ಸಾಕು. ಇಬ್ಬರ ಅಗತ್ಯವೂ ಕೂಡುವ ಜಾಗದಲ್ಲಿ ಒಂದು ಹೆಸರು ಕಿವಿಯಿಂದ ಕಿವಿಗೆ ದಾಟುತ್ತದೆ. ಸರ್ಕಾರಿ ಕಡತದಲ್ಲಿ ಅದು 'ಉಗ್ರಗಾಮಿಯ ಬಂಧನ' ಎಂದೋ 'ದ್ರೋಹಿಗೆ ಶಿಕ್ಷೆ' ಎಂದೋ ದಾಖಲಾಗುತ್ತದೆ. ಗಡಿಕಲ್ಲಿನ ಸುದ್ದಿ ಕಡತದಲ್ಲಿ ಎಲ್ಲೂ ಬರುವುದಿಲ್ಲ. ಬರುವುದಾದರೆ ಕಥೆಯಲ್ಲೇ ಬರಬೇಕು. ತಲೆತಲಾಂತರದಿಂದ ಮನೆತನಕ್ಕೆ ಸೇರಿದ ಜಮ್ಮಾ ಭೂಮಿಯ ವ್ಯಾಜ್ಯ ಒಂದು ಒಕ್ಕದೊಳಗೆ, ಅಂದರೆ ಒಂದು ಮನೆತನದೊಳಗೆ, ಎಷ್ಟು ತಲೆಮಾರು ಉಸಿರಾಡುತ್ತದೆ ಎಂದು ಕಂಡಿರುವ ಕೊಡಗಿನ ಓದುಗರು ಈ ಕಥೆಗಳನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತಾರೆ ಎಂದು ನನ್ನ ನಂಬಿಕೆ.

ನಮಗೆ ತೀರಾ ಹತ್ತಿರದ ಉದಾಹರಣೆ ಶ್ರೀಲಂಕಾ. ಹತ್ತಿರ ಎಂದದ್ದು ಭೂಪಟ ನೋಡಿ ಅಲ್ಲ. 1987ರ ಜುಲೈನ ಭಾರತ-ಲಂಕಾ ಒಪ್ಪಂದದ ನಂತರ ಭಾರತದ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಯಿತು, 1990ರ ಮಾರ್ಚ್‌ನಲ್ಲಿ ವಾಪಸ್ ಬಂತು, ನಡುವೆ ಸುಮಾರು 1,200 ಭಾರತೀಯ ಯೋಧರು ಪ್ರಾಣ ಕೊಟ್ಟರು. ಸೇನೆಗೆ ಒಬ್ಬರನ್ನೂ ಕಳಿಸದ ಮನೆ ನಮ್ಮ ಕೊಡಗು ಜಿಲ್ಲೆಯಲ್ಲಿ ಅಪರೂಪ. ನನಗೆ ಸಂಬಂಧದಲ್ಲಿ ದೊಡ್ಡಪ್ಪನಾಗಬೇಕಾದ ಒಬ್ಬರು ಆಗ ಜಾಫ್ನಾದಲ್ಲಿದ್ದರು. ಅಲ್ಲಿನ ಮಾತು ತೆಗೆದರೆ, "ಆ ಊರಲ್ಲಿ ಬಾವಿಗಳು ಚೆನ್ನಾಗಿದ್ದವು, ಮಗಾ" ಎನ್ನುತ್ತಿದ್ದರು. ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಗೋಡೆಯ ಮೇಲೆ ಸಮವಸ್ತ್ರದ ಫೋಟೋ ಇತ್ತು, ನಮಗೆ ಅಷ್ಟು ಸಾಕಾಗಿತ್ತು.

ಆ ಯುದ್ಧದ ಹಿನ್ನೆಲೆ ತಿಳಿಯದೆ ಆ ಕಥೆಗಳು ಅರ್ಥವಾಗುವುದಿಲ್ಲ, ಅದಕ್ಕೇ ಚಿಕ್ಕದಾಗಿ ಹೇಳುತ್ತೇನೆ. ಸಿಲೋನ್ 1948ರಲ್ಲಿ ಸ್ವತಂತ್ರವಾದ ವರ್ಷವೇ ಬಂದ ಪೌರತ್ವ ಕಾಯ್ದೆ ಗುಡ್ಡಗಾಡಿನ ಚಹಾ ತೋಟಗಳ ತಮಿಳು ಕಾರ್ಮಿಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1956ರ ಕಾಯ್ದೆ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಿತು. 1981ರಲ್ಲಿ ಜಾಫ್ನಾ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. 1983ರ ಜುಲೈನಲ್ಲಿ ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದ ತಮಿಳು ಹುಲಿಗಳ (ಎಲ್‌ಟಿಟಿಇ) ದಾಳಿಗೆ 13 ಸೈನಿಕರು ಬಲಿಯಾದ ಮೇಲೆ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳನ್ನು ಹುಡುಕಿ ಹುಡುಕಿ ಸುಟ್ಟರು, ಕೊಂದರು. ಅಲ್ಲಿಂದ 2009ರ ಮೇವರೆಗೆ ಯುದ್ಧ. ಇದನ್ನು ಸಿಂಹಳ ಮತ್ತು ತಮಿಳರ ನಡುವಿನ ಕಾಳಗ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಲಾಗದು. ತಮಿಳು ಹುಲಿಗಳು ಇತರ ತಮಿಳು ಗುಂಪುಗಳನ್ನು ಕೊಂದು ಮುಗಿಸಿದರು. 1990ರ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತ್ಯದ ಮುಸ್ಲಿಮರನ್ನು, ತಮ್ಮದೇ ತಮಿಳು ಮಾತನಾಡುವವರನ್ನು, ಮನೆ ಬಿಡಿಸಿ ಓಡಿಸಿದರು.

ವಿ. ವಿ. ಗಣೇಶನಂದನ್ ಅವರ 'ಬ್ರದರ್‌ಲೆಸ್ ನೈಟ್' 2023ರಲ್ಲಿ ಬಂತು, ಮರುವರ್ಷ ಇಂಗ್ಲೆಂಡಿನ ವಿಮೆನ್ಸ್ ಪ್ರೈಜ್ ಪಡೆಯಿತು. ಜಾಫ್ನಾದಲ್ಲಿ ಡಾಕ್ಟರಾಗಲು ಓದುತ್ತಿರುವ ಸಶಿ ಎಂಬ ಹುಡುಗಿ, ಅವಳಿಗೆ ನಾಲ್ವರು ಸೋದರರು. ಕುದಿಯುವ ನೀರು ಮೈಮೇಲೆ ಚೆಲ್ಲಿಕೊಂಡು ಅವಳು ಕೂಗುವಾಗ ಬೀದಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ನೆರೆಮನೆಯ ಹುಡುಗ ಒಳಗೆ ಓಡಿ ಬಂದು ಸುಟ್ಟ ಜಾಗದ ಮೇಲೆ ಮೊಟ್ಟೆ ಒಡೆದು ಸುರಿಯುತ್ತಾನೆ. ಕಥೆಯ ಆರಂಭದಲ್ಲೇ ಬರುವ ಈ ದೃಶ್ಯದಲ್ಲಿ ಯುದ್ಧದ ಸುಳಿವೇ ಇಲ್ಲ. ಆದರೆ ಮುಂದೆ ಹುಲಿಗಳ ಪಡೆ ಸೇರುವ ಆ ಹುಡುಗನನ್ನು 'ಉಗ್ರಗಾಮಿ' ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವುದು ಓದುಗರಿಗೆ ಇನ್ನು ಸಾಧ್ಯವಿಲ್ಲ. ದೊಡ್ಡಣ್ಣ 1983ರ ಗಲಭೆಯಲ್ಲಿ ಸಾಯುತ್ತಾನೆ, ಇನ್ನಿಬ್ಬರು ಸೋದರರು ಹುಲಿಗಳ ಜೊತೆ ಹೊರಡುತ್ತಾರೆ. ಹೋದದ್ದು ಸಿದ್ಧಾಂತದಿಂದಲೋ, ಸತ್ತ ಅಣ್ಣನ ಮೇಲಿನ ಸಂಕಟದಿಂದಲೋ, ಒಬ್ಬ ಹೋದ ಮೇಲೆ ಇನ್ನೊಬ್ಬ ಮನೆಯಲ್ಲಿ ಉಳಿಯಲಾರದೆಯೋ? ಕಾದಂಬರಿ ತೀರ್ಪು ಕೊಡದೆ ಬಿಡುತ್ತದೆ. ಸಶಿ ಹುಲಿಗಳ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ಉಪಚರಿಸುತ್ತಾಳೆ, ಅದೇ ಹುಲಿಗಳು ಏನು ಮಾಡುತ್ತಿದ್ದಾರೆಂಬುದನ್ನೂ ಕಾಣುತ್ತಾಳೆ.

ಈ ಪುಸ್ತಕದಲ್ಲಿ ಭಾರತೀಯ ಪಡೆ ಬರುವ ಭಾಗವನ್ನು ಓದುವುದು ನನಗೆ ತುಂಬ ಕಷ್ಟವಾಯಿತು. 1987ರ ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಬಲಿಯಾದದ್ದು ದಾಖಲಾಗಿರುವ ಸಂಗತಿ. ಗೋಡೆಯ ಮೇಲಿನ ಫೋಟೋದಲ್ಲಿರುವ ಸಮವಸ್ತ್ರವೇ ಅಲ್ಲಿನ ಹೆಂಗಸೊಬ್ಬಳ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತದೆ. ದೊಡ್ಡಪ್ಪನ ಮೇಲಿನ ಗೌರವ ನನ್ನಲ್ಲಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅವರು ಬಾವಿಗಳ ಮಾತಿಗೇ ನಿಂತುಬಿಡುತ್ತಿದ್ದುದು ಏಕಿರಬಹುದು ಎಂದು ಮಾತ್ರ ಮೊದಲ ಸಲ ಯೋಚಿಸಿದೆ. ಸೈನಿಕರ ಜಿಲ್ಲೆಯವರಾದ ನಾವು ಇಂಥ ಪುಟಗಳನ್ನು ಹಾರಿಸದೆ ಓದಬೇಕು. ಹೋಗಿ ಬಂದವರ ಮೌನಕ್ಕೂ ಅದರಿಂದ ಒಂದು ಮರ್ಯಾದೆ ಸಲ್ಲುತ್ತದೆ.

ಈ ಕಾದಂಬರಿಯ ಪ್ರೊಫೆಸರ್ ಅಂಜಲಿಗೆ ಪ್ರೇರಣೆಯಾದ ನಿಜ ವ್ಯಕ್ತಿಯ ಮನೆಯೂ ಹೀಗೆಯೇ ಇತ್ತು. ರಜನಿ ತಿರಣಗಮ ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದವರು. ಆಕೆ ತಮಿಳು, ಗಂಡ ಸಿಂಹಳ. ಒಂದು ಕಾಲಕ್ಕೆ ಹುಲಿಗಳ ಪರವಾಗಿದ್ದ ರಜನಿ ಆಮೇಲೆ ಹುಲಿಗಳು, ಭಾರತೀಯ ಪಡೆ, ಲಂಕಾ ಸರ್ಕಾರ ಮೂವರ ದೌರ್ಜನ್ಯವನ್ನೂ ಹೆಸರಿಟ್ಟು ದಾಖಲಿಸಿದರು. 1989ರ ಸೆಪ್ಟೆಂಬರ್ 21ರಂದು ಕಾಲೇಜಿನಿಂದ ಸೈಕಲ್‌ನಲ್ಲಿ ಮನೆಗೆ ಬರುವಾಗ ಅವರನ್ನು ಗುಂಡಿಟ್ಟು ಕೊಂದರು. ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದರು.

ಇನ್ನು ಕೊರಿಯಾ. ಅದಕ್ಕೂ ಮಡಿಕೇರಿಗೂ ಒಂದು ನಂಟಿದೆ, ಅದು ನಮ್ಮಲ್ಲೇ ಸಾಕಷ್ಟು ಚರ್ಚೆಯಾಗಿಲ್ಲ. 1950ರಿಂದ 1953ರವರೆಗಿನ ಕೊರಿಯಾ ಯುದ್ಧ ನಿಂತಾಗ ದೊಡ್ಡ ತೊಡಕಾಗಿದ್ದದ್ದು ಕೈದಿಗಳ ಪ್ರಶ್ನೆ. ನಾವು ನಮ್ಮ ಕಡೆಗೆ ವಾಪಸ್ ಹೋಗುವುದಿಲ್ಲ ಎಂದು ಸಾವಿರಾರು ಸೈನಿಕರು ಹಟ ಹಿಡಿದರು. ಅವರನ್ನು ನೋಡಿಕೊಳ್ಳಲು ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ನಮ್ಮ ಜನರಲ್ ತಿಮ್ಮಯ್ಯನವರು. ಅವರ ಕೈಗೆ ಬಂದ ಕೈದಿಗಳು 22 ಸಾವಿರಕ್ಕೂ ಹೆಚ್ಚು. ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಒಂದು ಡೇರೆಗೆ ಕರೆತರುತ್ತಿದ್ದರು. ಒಳಗೆ ಅವನ ಸ್ವಂತ ದೇಶದ ಅಧಿಕಾರಿಗಳು ಕೂತು, ಮನೆಗೆ ಬಾ, ಅಮ್ಮ ಕಾಯುತ್ತಿದ್ದಾಳೆ ಎಂದು ಓಲೈಸಬೇಕು. ಹೊರಹೋಗಲು ಎರಡು ಬಾಗಿಲು. ಒಂದರಿಂದ ಹೋದರೆ ಊರು, ಇನ್ನೊಂದರಿಂದ ಹೋದರೆ ಊರಿಗೆ ಮರಳುವಂತಿಲ್ಲ. ಎರಡನೆಯ ಬಾಗಿಲಲ್ಲಿ ಹೋದವನು ಅಪ್ಪ ಅಮ್ಮ, ಹೆಂಡತಿ ಮಕ್ಕಳನ್ನು ಬದುಕಿರುವಾಗಲೇ ಕಳೆದುಕೊಂಡಂತೆ. ತಿಮ್ಮಯ್ಯನವರ ಮನೆಯಾಗಿದ್ದ ಮಡಿಕೇರಿಯ 'ಸನ್ನಿಸೈಡ್' ಈಗ ಅವರ ಸ್ಮಾರಕ ಭವನ. ಅಲ್ಲಿಗೆ ಹೋದಾಗ ಆ ಡೇರೆಯನ್ನೂ ಒಮ್ಮೆ ನೆನೆಯಿರಿ.

ಎರಡೂ ಕೊರಿಯಾ ಬೇಡ, ತಟಸ್ಥ ದೇಶಕ್ಕೆ ಕಳಿಸಿ ಎಂದವರು ಬೆರಳೆಣಿಕೆಯಷ್ಟು. ಚೀನಾದವರೂ ಸೇರಿ 88 ಮಂದಿ 1954ರಲ್ಲಿ ನಮ್ಮ ಪಡೆಯ ಜೊತೆ ಭಾರತಕ್ಕೆ ಬಂದರು. ಇವರಂಥ ಒಬ್ಬನನ್ನು ನಾಯಕನಾಗಿಟ್ಟು ಚೊಯ್ ಇನ್‌ಹುನ್ 1960ರಲ್ಲಿ ಬರೆದದ್ದು 'ಚೌಕ' ಎಂಬ ಅರ್ಥದ ಹೆಸರಿನ ಕಾದಂಬರಿ. ದಕ್ಷಿಣದಲ್ಲಿ ಓದುತ್ತಿದ್ದ ಮ್ಯೊಂಗ್‌ಜುನ್‌ಗೆ ಪೊಲೀಸರು ಹೊಡೆಯುತ್ತಾರೆ. ಅವನ ತಪ್ಪು ಅಪ್ಪ ಉತ್ತರಕ್ಕೆ ಹೋಗಿ ಕಮ್ಯುನಿಸ್ಟರ ಜೊತೆ ಇರುವುದು. ಅಪ್ಪನ ಮಗನೆಂಬ ಕಾರಣಕ್ಕೇ ಏಟು ತಿಂದ ಮೇಲೆ ಅಪ್ಪನನ್ನು ಹುಡುಕಿ ಉತ್ತರಕ್ಕೆ ಹೋದರೆ, ಅಲ್ಲಿ ಸಿಗುವುದು ಮರುಮದುವೆಯಾಗಿ ಬೇರೆ ಸಂಸಾರ ಹೂಡಿರುವ, ಸರ್ಕಾರದ ಮಾತನ್ನೇ ಆಡುವ ಒಬ್ಬ ಮನುಷ್ಯ. ಯುದ್ಧ, ಸೆರೆ, ಕೊನೆಗೆ ಡೇರೆ. ಏನೇ ಕೇಳಿದರೂ ಅವನ ಉತ್ತರ ಒಂದೇ, ತಟಸ್ಥ ದೇಶ. 'ಟಾಗೋರ್' ಎಂಬ ಹಡಗಿನಲ್ಲಿ ಭಾರತದ ಕಡೆಗೆ ಹೊರಟವನು ದಾರಿಯಲ್ಲೇ ಸಮುದ್ರದ ಪಾಲಾಗುತ್ತಾನೆ. ಯಾವ ಪಕ್ಷವನ್ನೂ ಆರಿಸದವನಿಗೆ ಮನೆಯೇ ಉಳಿಯುವುದಿಲ್ಲ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಕಥೆಯನ್ನು ನಾನು ಓದಿಲ್ಲ.

ಉಳಿದವರ ಪಾಡು? 1983ರ ಜೂನ್ 30ರಂದು ದಕ್ಷಿಣ ಕೊರಿಯಾದ ಟಿವಿಯಲ್ಲಿ ಚದುರಿಹೋದ ಕುಟುಂಬಗಳನ್ನು ಹುಡುಕುವ ನೇರ ಪ್ರಸಾರ ಶುರುವಾಯಿತು. ಜನ ಬಂದ ಪರಿ ನೋಡಿ ಅದನ್ನು 138 ದಿನ ಮುಂದುವರಿಸಬೇಕಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಂದಾದವು. ಇವರೆಲ್ಲ ಗಡಿಯ ಒಂದೇ ಬದಿಯಲ್ಲಿ ಮೂವತ್ತು ವರ್ಷ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬದುಕಿದ್ದವರು. ಗಡಿಯಾಚೆ ಉಳಿದವರ ಲೆಕ್ಕ ಇದರಲ್ಲಿ ಸೇರಿಲ್ಲ.

ಕೊರಿಯಾದ ಇನ್ನೊಬ್ಬ ಲೇಖಕ ಹ್ವಾಂಗ್ ಸೊಗ್‌ಯೊಂಗ್ 2001ರಲ್ಲಿ ಬರೆದ 'ಅತಿಥಿ' ಎಂಬ ಕಾದಂಬರಿ ಇನ್ನೂ ಮುಂದೆ ಹೋಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಮುದಿ ಪಾದ್ರಿಯೊಬ್ಬ ಉತ್ತರ ಕೊರಿಯಾದ ತನ್ನ ಹುಟ್ಟೂರಿಗೆ ಹೊರಟಿದ್ದಾನೆ. ಯುದ್ಧದ ಕಾಲದಲ್ಲಿ ಆ ಊರಿನಲ್ಲಿ ನಡೆದ ಹತ್ಯಾಕಾಂಡಕ್ಕೆ ಅಮೆರಿಕದ ಸೈನಿಕರು ಕಾರಣ ಎಂಬುದು ಉತ್ತರದ ಅಧಿಕೃತ ಹೇಳಿಕೆ. ಕಾದಂಬರಿ ಹೇಳುವುದು ಬೇರೆ: ಕೊಂದವರು ಊರಿನವರೇ, ಕ್ರೈಸ್ತರು ಮತ್ತು ಕಮ್ಯುನಿಸ್ಟರು, ಪಾದ್ರಿಯ ಸ್ವಂತ ಅಣ್ಣನೂ ಅವರಲ್ಲಿ ಒಬ್ಬ. ಅಣ್ಣನ ಪ್ರೇತ, ಅವನು ಕೊಂದವರ ಪ್ರೇತಗಳು ಪಾದ್ರಿಯ ಜೊತೆ ಪ್ರಯಾಣ ಮಾಡುತ್ತವೆ, ಸರದಿಯ ಮೇಲೆ ಮಾತನಾಡುತ್ತವೆ. ಸತ್ತವರನ್ನು ಸಮಾಧಾನಪಡಿಸಿ ಕಳಿಸುವ ಅಲ್ಲಿನ ಹನ್ನೆರಡು ಭಾಗಗಳ ಜಾನಪದ ಆಚರಣೆಯೇ ಪುಸ್ತಕದ ಚೌಕಟ್ಟು. ಪಾಶ್ಚಾತ್ಯ ವಿಮರ್ಶಕರು ಇದನ್ನು ಪ್ರಯೋಗ ಎನ್ನಬಹುದು. ಮೂಲಪುರುಷ ಕಾರಣಂಗೆ ಎಡೆ ಇಟ್ಟು ಹಿರಿಯರನ್ನು ಕರೆಯುವ, ತೆರೆ ಕಟ್ಟಿ ಮೈದುಂಬಿದವರ ಬಾಯಲ್ಲಿ ಸತ್ತವರ ನುಡಿ ಕೇಳಿ ತಲೆಬಾಗುವ ನಮಗೆ ಈ ಚೌಕಟ್ಟು ಮನೆಯದೇ ಅನ್ನಿಸುತ್ತದೆ. ಕೊಂದವನೂ ಸತ್ತವನೂ ಒಂದೇ ಪಂಕ್ತಿಯಲ್ಲಿ ಕೂತು ಮಾತನಾಡಲು ನ್ಯಾಯಾಲಯದಲ್ಲಿ ಜಾಗವಿಲ್ಲ, ಅಂಥ ಆಚರಣೆಯಲ್ಲಿ ಇದೆ.

ಮನೆಯ ಬಿರುಕಿನಲ್ಲೇ ಯುದ್ಧ ಹೊಕ್ಕುತ್ತದೆ ಎಂದೆನಲ್ಲ, ಅದಕ್ಕೊಂದು ತಿದ್ದುಪಡಿ ನೈಜೀರಿಯಾದಿಂದ. ಚಿಮಮಾಂಡ ಎನ್‌ಗೋಜಿ ಅಡೀಚಿಯವರ 'ಹಾಫ್ ಆಫ್ ಎ ಯೆಲ್ಲೋ ಸನ್' (2006) ನೈಜೀರಿಯಾದ ಪೂರ್ವ ಭಾಗ ಬಿಯಾಫ್ರಾ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಲು ಹೊರಟು ಸೋತ 1967ರಿಂದ 1970ರ ಯುದ್ಧದ ಕಥೆ. ಅವಳಿ ಅಕ್ಕತಂಗಿಯರಾದ ಒಲಾನ ಮತ್ತು ಕೈನೆನೆ ಮಾತು ಬಿಟ್ಟಿರುವುದು ಗಂಡಸೊಬ್ಬನ ವಿಚಾರದಲ್ಲಾದ ದ್ರೋಹಕ್ಕೆ, ಯುದ್ಧ ಆಗ ಇನ್ನೂ ಶುರುವಾಗಿರಲಿಲ್ಲ. ಯುದ್ಧದ ಘೋರವನ್ನು ಕಂಡ ಮೇಲೆ ಆ ದ್ರೋಹ ಕ್ಷಮಿಸಬಹುದಾದಷ್ಟು ಚಿಕ್ಕದಾಗುತ್ತದೆ, ಇಬ್ಬರೂ ಒಂದಾಗುತ್ತಾರೆ. ಇಲ್ಲಿ ಯುದ್ಧವೇ ಬಿರುಕನ್ನು ಮುಚ್ಚಿತು. ಆಮೇಲೆ ಕೈನೆನೆ ಆಹಾರ ತರಲು ಶತ್ರುವಿನ ಗೆರೆ ದಾಟಿ ಹೋಗುತ್ತಾಳೆ, ಹಿಂದಿರುಗುವುದಿಲ್ಲ. ಸತ್ತಳೋ ಬದುಕಿದ್ದಾಳೋ ಕಾದಂಬರಿ ಹೇಳುವುದಿಲ್ಲ. ಕಾಣೆಯಾದವರಿಗೆ ತಿಥಿ ಮಾಡಲಾಗದು, ಹುಡುಕುವುದನ್ನು ಬಿಡಲೂ ಆಗದು. ಲಂಕಾದ ಕಿಲಿನೊಚ್ಚಿಯಲ್ಲಿ ಕಾಣೆಯಾದವರ ತಾಯಂದಿರು 2017ರ ಫೆಬ್ರವರಿಯಲ್ಲಿ ರಸ್ತೆಬದಿ ಧರಣಿ ಕೂತರು, ವರ್ಷಗಳ ಕಾಲ ಏಳಲಿಲ್ಲ.

ನಮ್ಮ ದೇಶದೊಳಗೂ ಇದೆ. 2023ರ ಮೇ ತಿಂಗಳಿನಿಂದ ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ ಜನಾಂಗಗಳ ಸಂಘರ್ಷದಿಂದಾಗಿ, ಆ ಎರಡರ ನಡುವೆ ಮದುವೆಯಾದವರು ಕಣಿವೆಗೊಬ್ಬರು, ಗುಡ್ಡಕ್ಕೊಬ್ಬರು ಎಂದು ಬೇರೆಯಾಗಬೇಕಾಯಿತು. ಅದರ ಕಾದಂಬರಿಗೆ ಇನ್ನೂ ಸಮಯ ಬೇಕು.

ಇಂಥ ಕಥೆಗಳಲ್ಲಿ ಟೊಳ್ಳು ಯಾವುದು ಎಂದು ತಿಳಿಯಲು ನಾನು ನೋಡುವುದು ಒಂದು ಗುರುತನ್ನು. ಒಬ್ಬ ಮಗ ಸೈನಿಕ, ಒಬ್ಬ ಬಂಡುಕೋರ, ಮಗಳು ಎರಡನೆಯ ಜನಾಂಗದವನ ಹೆಂಡತಿ, ಅಮ್ಮ ಎಲ್ಲರಿಗೂ ಅಳುವವಳು ಎಂದು ಪಾತ್ರಗಳನ್ನು ಹಂಚಿಬಿಟ್ಟಿದ್ದರೆ ಅದು ದೇಶದ ನಕ್ಷೆ, ಸಂಸಾರ ಅಲ್ಲ. ನಿಜವಾದ ಮನೆಯಲ್ಲಿ ಬಂಡುಕೋರನಾದ ಮಗ ತಂಗಿಯ ಶಾಲೆಯ ಫೀಸು ಕಟ್ಟಿರುತ್ತಾನೆ, ಅಮ್ಮನಿಗೆ ಸೈನಿಕ ಮಗನ ಮೇಲೆ ಹೇಳಿಕೊಳ್ಳಲಾಗದ ಮುನಿಸಿರುತ್ತದೆ. ಅಂಥ ಹೊಂದದ ವಿವರ ಒಂದೂ ಇಲ್ಲದ ಪುಸ್ತಕವನ್ನು ನಾನು ಅರ್ಧಕ್ಕೇ ಬಿಡುತ್ತೇನೆ.

ಕನ್ನಡಕ್ಕೆ ಈ ವಿದ್ಯೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ರನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಲಕ್ಷ್ಮಣಕುಮಾರ, ದುಶ್ಶಾಸನ, ಕರ್ಣ, ಒಬ್ಬೊಬ್ಬರನ್ನೂ ಕಂಡು ಅವನು ಕುಸಿಯುತ್ತಾನೆ. ಅದೇ ದಾರಿಯಲ್ಲಿ ಅಭಿಮನ್ಯುವಿನ ಹೆಣವೂ ಸಿಗುತ್ತದೆ. ಶತ್ರುವಿನ ಮಗ, ತನ್ನವರೇ ಸುತ್ತುವರಿದು ಕೊಂದ ಹುಡುಗ. ದುರ್ಯೋಧನ ಅವನಿಗೆ ಕೈಮುಗಿದು, ನಿನ್ನ ಸಾಹಸದ ಒಂದಂಶವಿರುವ ಸಾವಾದರೂ ನನಗೆ ಬರಲಿ ಎನ್ನುತ್ತಾನೆ. ದಾಯಾದಿಯ ಮಗ ಕೊನೆಗೂ ಮನೆಯ ಮಗ. ಈ ಒಂದು ಕ್ಷಣಕ್ಕಾಗಿ ದುರ್ಯೋಧನನ ತಪ್ಪುಗಳನ್ನು ರನ್ನ ಮುಚ್ಚಿಡುವುದಿಲ್ಲ, ತಪ್ಪುಗಳಿವೆ ಎಂದು ಆ ಕ್ಷಣವನ್ನು ಅವನಿಂದ ಕಿತ್ತುಕೊಳ್ಳುವುದೂ ಇಲ್ಲ.

ನಮ್ಮ ನೆಲದಲ್ಲೇ ಬರೆಯಬೇಕಾದದ್ದು ಇನ್ನೂ ಇದೆ. ಕಂಪನಿಯ ಆಡಳಿತದ ವಿರುದ್ಧ ಎದ್ದ 1837ರ ಅಮರ ಸುಳ್ಯ ದಂಗೆಯಲ್ಲಿ ಕೊಡಗಿನವರು ಎರಡೂ ಕಡೆ ಇದ್ದರು. ದಿವಾನರು ಕಂಪನಿಯ ಜೊತೆ ನಿಂತರು, ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರು ಮಡಿಕೇರಿಯಲ್ಲಿ ಗಲ್ಲಿಗೇರಿದರು. ಆ ಕಥೆ ಒಂದೊಂದು ಮನೆಯಲ್ಲಿ ಇಂದಿಗೂ ಒಂದೊಂದು ಬಗೆ.

ಅದಕ್ಕಿಂತ ಈಚಿನದು ಸಂಪಾಜೆ ಘಾಟಿ ಇಳಿದರೆ ಸಿಗುತ್ತದೆ. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಲಂಕಾದ ಗುಡ್ಡಗಾಡಿನಿಂದ ಬಂದ ತಮಿಳು ಕುಟುಂಬಗಳಿವೆ. 1964ರ ಸಿರಿಮಾ-ಶಾಸ್ತ್ರಿ ಒಪ್ಪಂದದಲ್ಲಿ ಎರಡು ಸರ್ಕಾರಗಳು ಕೂತು 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ ಎಂದು ಹಂಚಿಕೊಂಡವು, ಉಳಿದ 1,50,000 ಜನರ ಲೆಕ್ಕವನ್ನು ಮುಂದಕ್ಕೆ ಹಾಕಿದವು. ಒಂದೇ ಮನೆಯ ಕೆಲವರಿಗೆ ಈ ದೇಶ, ಕೆಲವರಿಗೆ ಆ ದೇಶ ಎಂದಾಯಿತು. ಗುಂಡಿನ ಸದ್ದಿಲ್ಲದೆ, ಅರ್ಜಿಯಲ್ಲೇ ಒಡೆದ ಮನೆಗಳಿವು. ಅಲ್ಲಿ ಹುಟ್ಟಿದ ಈಗಿನ ತಲೆಮಾರು ಕನ್ನಡ ಶಾಲೆಯಲ್ಲಿ ಓದಿದೆ, ಈ ಕಾದಂಬರಿ ಕನ್ನಡದಲ್ಲಿ ಬರಲು ಬೇರೆ ಅಡ್ಡಿಯಿಲ್ಲ. ಬರೆಯಲು ಕೂತವರು ಒಪ್ಪಂದದ ಕಲಮುಗಳಿಗಿಂತ ಮೊದಲು ಅಜ್ಜಿಯರ ಹತ್ತಿರ ಕೂತು ಕೇಳಬೇಕಾದದ್ದು ಇಷ್ಟು: ಅರ್ಜಿ ತುಂಬಿದವರು ಯಾರು, ಅದರಲ್ಲಿ ಯಾರ ಹೆಸರು ಬಿಟ್ಟುಹೋಯಿತು, ಆ ಹೆಸರಿನವರ ಜೊತೆ ಮನೆಯಲ್ಲಿ ಅದಕ್ಕೂ ಮೊದಲೇ ಏನು ಜಗಳವಿತ್ತು.